ಹೆಲ್ಮ್ ಗಾಳಿ ಎದ್ದ ದಿನ

ಪವರ್ಡ್ ಪ್ಯಾರಾಚೂಟ್ ಬಗ್ಗೆ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಮುಂದಿನದೆಲ್ಲ ತಾನಾಗೇ ಅರ್ಥವಾಗುತ್ತದೆ. ಇದರಲ್ಲಿ ರೇಸ್ ಕೊಟ್ಟರೆ ಗಾಡಿ ಜೋರಾಗಿ ಓಡುವುದಿಲ್ಲ, ಮೇಲಕ್ಕೆ ಏರುತ್ತದೆ. ರೇಸ್ ಇಳಿಸಿದರೆ ಕೆಳಗೆ ಬರುತ್ತದೆ. ವೇಗ ಮಾತ್ರ ಹೆಚ್ಚೂಕಡಿಮೆ ಒಂದೇ, ಗಂಟೆಗೆ ಸುಮಾರು 50 ಕಿ.ಮೀ.

ಮೂರು ಚಕ್ರದ ಚೌಕಟ್ಟು, ಒಂದು ಸೀಟು, ಬೆನ್ನ ಹಿಂದೆ 50 ಅಶ್ವಶಕ್ತಿಯ ಟೂ ಸ್ಟ್ರೋಕ್ ಇಂಜಿನ್, ತಲೆಯ ಮೇಲೆ 500 ಚದರ ಅಡಿ ನೈಲಾನ್ ಬಟ್ಟೆ. ಆ ಬಟ್ಟೆಯೇ ರೆಕ್ಕೆ. ತಿರುಗಿಸುವುದಕ್ಕೆ ಕಾಲಬುಡದಲ್ಲಿ ಎರಡು ಪೆಡಲ್. ಬಲಗಾಲು ಒತ್ತಿದರೆ ಬಟ್ಟೆಯ ಬಲತುದಿಯ ಹಿಂದಿನ ಅಂಚು ಕೆಳಗೆ ಎಳೆದುಕೊಳ್ಳುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಎದುರಿಗೆ 20 ಕಿ.ಮೀ. ವೇಗದ ಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ನೀವು ಹೋಗುವುದು 30ರಲ್ಲಿ. ಅದೇ ಗಾಳಿ 50 ಆಯಿತೋ, ಆಕಾಶದಲ್ಲಿ ನಿಂತಲ್ಲೇ ನಿಂತು ಪೆಟ್ರೋಲ್ ಸುಡುತ್ತಿರುತ್ತೀರಿ.

ಇಂಥ ಗಾಡಿಯಲ್ಲಿ ಬ್ರಿಟನ್ನಿನ ನೈಋತ್ಯ ಮೂಲೆಯಿಂದ ಈಶಾನ್ಯ ಮೂಲೆಗೆ ಹಾರಬೇಕು ಅಂತ ಹೊರಟೆ. ಕೆಳಗಿನ ತುದಿಗೆ ಲ್ಯಾಂಡ್ಸ್ ಎಂಡ್ ಅನ್ನುತ್ತಾರೆ, ಮೇಲಿನದಕ್ಕೆ ಜಾನ್ ಓ ಗ್ರೋಟ್ಸ್. ನೇರ ಗೆರೆ ಎಳೆದರೆ ಸುಮಾರು 970 ಕಿ.ಮೀ., ರಸ್ತೆಯಲ್ಲಾದರೆ 1,400. ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸುವವರು ಈ ದಾರಿಯನ್ನು ನಡೆದಿದ್ದಾರೆ, ಸೈಕಲ್ ತುಳಿದಿದ್ದಾರೆ, ಓಡಿದ್ದಾರೆ. ಹೆಚ್ಚಿನವರು ಕೆಳಗಿನಿಂದ ಮೇಲಕ್ಕೇ ಹೋಗುತ್ತಾರೆ, ಯಾಕೆಂದರೆ ಇಲ್ಲಿ ಸಾಮಾನ್ಯವಾಗಿ ಬೀಸುವುದು ನೈಋತ್ಯದ ಗಾಳಿ. ನಮ್ಮೂರಿಗೆ ಮುಂಗಾರು ಬರುವ ದಿಕ್ಕೇ. ಬೆನ್ನ ಹಿಂದೆ ಗಾಳಿ ಇದ್ದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ನಾನು ದುಡ್ಡು ಕೂಡಿಸಲು ಹೊರಟಿದ್ದು ಏರ್ ಆಂಬ್ಯುಲೆನ್ಸಿಗೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆ ಸರ್ಕಾರದ್ದು, ರಸ್ತೆ ಮೇಲಿನ ಆಂಬ್ಯುಲೆನ್ಸ್ ಕೂಡ ಸರ್ಕಾರದ್ದು. ಆದರೆ ಹೆಲಿಕಾಪ್ಟರ್‌ನಲ್ಲಿ ಬರುವ ಆಂಬ್ಯುಲೆನ್ಸ್ ನಡೆಯುವುದು ಬಹುಪಾಲು ಜನ ಕೊಟ್ಟ ದುಡ್ಡಿನಲ್ಲಿ. 1987ರಲ್ಲಿ ಕಾರ್ನ್‌ವಾಲ್‌ನಲ್ಲಿ ಮೊದಲನೆಯದು ಶುರುವಾಯಿತು, ಈಗ ದೇಶದ ತುಂಬ ಇವೆ. ರೋಗಿಗೆ ಬಿಲ್ ಬರುವುದಿಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ಒಂದು ಭಾನುವಾರ ನಮ್ಮವರೆಲ್ಲ ಸೇರಿ ಕ್ರಿಕೆಟ್ ಆಡುತ್ತಿದ್ದಾಗ. ಹಾಸನದ ಕಡೆಯ ಗೆಳೆಯನೊಬ್ಬ ಬೌಲಿಂಗ್ ಮಾಡಲು ಓಡಿ ಬರುತ್ತಿದ್ದವನು ಹಾಗೇ ಕುಸಿದ. ಎದುರು ತಂಡದ ನರ್ಸ್ ಒಬ್ಬರು ಎದೆ ಒತ್ತುತ್ತಲೇ ಇದ್ದರು. ಬೌಂಡರಿ ಗೆರೆಯ ಒಳಗೇ ಹೆಲಿಕಾಪ್ಟರ್ ಇಳಿಯಿತು. ಅದರಿಂದ ಡಾಕ್ಟರೇ ಇಳಿದು ಬಂದರು. ಆಸ್ಪತ್ರೆಯಲ್ಲಿ ಮಾಡುವ ಕೆಲಸವನ್ನು ಹುಲ್ಲಿನ ಮೇಲೆ ಮಂಡಿಯೂರಿ ಮಾಡಿದರು. ಅವನು ಉಳಿದ. ಈ ಪ್ರಯಾಣದಲ್ಲಿ ಕೆಳಗೆ ರಸ್ತೆಯಲ್ಲಿ ವ್ಯಾನ್ ಓಡಿಸಿಕೊಂಡು ನನ್ನ ಜೊತೆ ಬಂದವನು ಅವನೇ.

ಕಾರ್ನ್‌ವಾಲ್, ಡೆವನ್, ಸಾಮರ್‌ಸೆಟ್ ಚೆನ್ನಾಗಿ ಸಾಗಿದವು. ಬೆಳಗ್ಗೆ ಬೇಗ ಎದ್ದು ಹಾರುವುದು, ಬಿಸಿಲೇರಿ ನೆಲ ಕಾದು ಗಾಳಿ ಕುದಿಯುವ ಹೊತ್ತಿಗೆ ಇಳಿಯುವುದು, ಸಂಜೆ ತಣ್ಣಗಾದ ಮೇಲೆ ಮತ್ತೆ ಸ್ವಲ್ಪ ದೂರ. ಮಧ್ಯಾಹ್ನವೆಲ್ಲ ಪೆಟ್ರೋಲ್ ಹುಡುಕುವ ಕೆಲಸ. ಮಾಮೂಲಿ ಪೆಟ್ರೋಲಿನಲ್ಲಿ ಈಗ ನೂರಕ್ಕೆ 10ರವರೆಗೆ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ. ಹಾಗಾಗಿ ಎಥನಾಲ್ ಕಡಿಮೆ ಇರುವ, ದುಬಾರಿಯ ಇ5 ಪೆಟ್ರೋಲನ್ನೇ ಕ್ಯಾನಿನಲ್ಲಿ ತಂದು, 50 ಪಾಲಿಗೆ ಒಂದು ಪಾಲು ಎಣ್ಣೆ ಬೆರೆಸಿ ಕುಲುಕಿ ಹಾಕಬೇಕು. ಕಷ್ಟವಾಗಿದ್ದು ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ. ಎರಡೂ ವಿಮಾನ ನಿಲ್ದಾಣಗಳ ವಾಯುಪ್ರದೇಶದ ಮಧ್ಯೆ ಸಣ್ಣ ವಿಮಾನಗಳಿಗೆ ಅಂತ ಒಂದು ಓಣಿ ಬಿಟ್ಟಿದ್ದಾರೆ. ಅದರಲ್ಲಿ ತುಂಬಾ ಮೇಲೆ ಹೋಗುವಂತಿಲ್ಲ. ಇಂಜಿನ್ ನಿಂತರೆ ನನ್ನ ಗಾಡಿ ಒಂದು ಮೀಟರ್ ಇಳಿಯುವಷ್ಟರಲ್ಲಿ ಮುಂದೆ ಹೋಗುವುದು ಮೂರು, ಹೆಚ್ಚೆಂದರೆ ನಾಲ್ಕು ಮೀಟರ್. ಹಾಗಾಗಿ ಒಂದು ಹೊಲದ ಮೇಲಿಂದ ಇನ್ನೊಂದು ಹೊಲ ಹುಡುಕುತ್ತಾ, ಕಣ್ಣು ಮಿಟುಕಿಸದೆ ದಾಟಿದೆ. ಅದಾದ ಮೇಲೆ ಲ್ಯಾಂಕಾಶೈರ್‌ನ ಹಸಿರು ಕಂಡಾಗ ಮೈ ಹಗುರಾಯಿತು.

ಆ ದಿನ ಶುರುವಾಗಿದ್ದು ಕರ್ಬಿ ಲಾನ್ಸ್‌ಡೇಲ್ ಹತ್ತಿರದ ಒಂದು ಹೊಲದಲ್ಲಿ. ಮೇ ತಿಂಗಳು, ಆದರೂ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಗೆಳೆಯನೂ ನಾನೂ ರೆಕ್ಕೆಯನ್ನು ಚೀಲದಿಂದ ತೆಗೆದು ಗಾಡಿಯ ಹಿಂದೆ ಹಾಸಿದೆವು. ಇದು ನನಗೆ ಬಹಳ ಇಷ್ಟದ ಕೆಲಸ. ನೂಲುಗಳನ್ನು ಒಂದೊಂದಾಗಿ ಬೆರಳ ನಡುವೆ ಜಾರಿಸುತ್ತಾ ಬುಡದಿಂದ ಬಟ್ಟೆಯವರೆಗೆ ನಡೆಯಬೇಕು. ಎಲ್ಲೂ ಗಂಟು ಇರಬಾರದು, ಕಡ್ಡಿ ಸಿಕ್ಕಿರಬಾರದು, ಒಂದು ನೂಲು ಇನ್ನೊಂದರ ಮೇಲೆ ಬಿದ್ದಿರಬಾರದು. ಬಟ್ಟೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಾಯಿಗಳಿರುತ್ತವೆ. ಗಾಡಿ ಮುಂದೆ ಓಡಿದಾಗ ಆ ಬಾಯಿಗಳಿಂದ ಗಾಳಿ ತುಂಬಿ ಬಟ್ಟೆ ಉಬ್ಬುತ್ತದೆ, ಎದ್ದು ತಲೆಯ ಮೇಲೆ ಬಂದು ನಿಲ್ಲುತ್ತದೆ. ಆ ಒಳಗಿನ ಗಾಳಿಯೇ ರೆಕ್ಕೆಯ ಎಲುಬು. ಬೇರೆ ಎಲುಬಿಲ್ಲ.

ಇಬ್ಬನಿಯಿಂದ ಬಟ್ಟೆ ಒದ್ದೆಯಾಗಿ ಭಾರವಾಗಿತ್ತು. ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಕತ್ತೆತ್ತಿ ನೋಡಿದೆ, ಎರಡೂ ತುದಿ ತೆರೆದಿದ್ದವು. ಪೂರ್ತಿ ರೇಸ್ ಕೊಟ್ಟೆ. ಚಕ್ರಗಳ ಸದ್ದು ನಿಂತಿತು.

ಹವಾಮಾನ ಇಲಾಖೆಯ ಎಫ್214 ಚಾರ್ಟಿನ ಪ್ರಕಾರ ಆ ಬೆಳಗ್ಗೆ 2,000 ಅಡಿಯಲ್ಲಿ ಈಶಾನ್ಯದ ಗಾಳಿ, 15 ನಾಟ್. ಅಂದರೆ ಗಂಟೆಗೆ ಸುಮಾರು 28 ಕಿ.ಮೀ., ಅದೂ ಬಹುಪಾಲು ಮುಖಕ್ಕೇ. ಕೆಳಗಿದ್ದರೆ ಕಡಿಮೆ ಇರುತ್ತದೆ ಅಂತ ಗೊತ್ತಿತ್ತು. ಸೆಡ್‌ಬರ್ಗ್ ದಾಟಿ ಲ್ಯೂನ್ ನದಿಯ ಕಣಿವೆಗೆ ಬಂದೆ. ಬಲಗಡೆ ಹೌಗಿಲ್ ಗುಡ್ಡಗಳು. ಮರವಿಲ್ಲದ, ಮಡಿಕೆ ಮಡಿಕೆಯಾದ ಹಸಿರು ಬೆನ್ನುಗಳು, ಮೇಲೆಲ್ಲ ರಫ್ ಫೆಲ್ ಕುರಿಗಳು. ಟೆಬೇ ಹತ್ತಿರ ಕಣಿವೆ ಎಷ್ಟು ಕಿರಿದಾಗುತ್ತದೆ ಅಂದರೆ ನದಿ, ಎಂ6 ಹೆದ್ದಾರಿ, ಲಂಡನ್ನಿನಿಂದ ಗ್ಲಾಸ್ಗೋಗೆ ಹೋಗುವ ರೈಲು ದಾರಿ, ಮೂರೂ ಒತ್ತಿಕೊಂಡು ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಜಿಪಿಎಸ್‌ನಲ್ಲಿ ನನ್ನ ವೇಗ 27 ತೋರಿಸುತ್ತಿತ್ತು. ಕೆಳಗೆ ಏರು ಹತ್ತುತ್ತಿದ್ದ ಲಾರಿಗಳೂ ನನ್ನನ್ನು ದಾಟಿ ಹೋಗುತ್ತಿದ್ದವು. ಗಾಡಿ ಸ್ವಲ್ಪ ಸ್ವಲ್ಪ ತೊಟ್ಟಿಲು ತೂಗಿದ ಹಾಗೆ ತೂಗುತ್ತಿತ್ತು. ಅಷ್ಟಕ್ಕೆ ಹೆದರಬೇಕಾಗಿಲ್ಲ. ಬೆರಳು ಮರಗಟ್ಟಿದ್ದವು, ಆದರೆ ಬೆಳಕು ಚೆನ್ನಾಗಿತ್ತು, ಮನಸ್ಸು ಖುಷಿಯಾಗಿತ್ತು. ಸಂಜೆಯೊಳಗೆ ಕಾರ್ಲೈಲ್, ಗಾಳಿ ಬಿಟ್ಟುಕೊಟ್ಟರೆ ಸ್ಕಾಟ್ಲೆಂಡ್ ಗಡಿ ಅಂತ ಲೆಕ್ಕ ಹಾಕಿಕೊಂಡಿದ್ದೆ.

ಆರ್ಟನ್ ಊರಿನ ಹಿಂದಿನ ಸುಣ್ಣಕಲ್ಲಿನ ದಿಬ್ಬದ ಮೇಲೆ ಏರಿದ ಮೇಲೆ ಮುಂದಿನ ಈಡನ್ ಕಣಿವೆ ಒಮ್ಮೆಗೇ ತೆರೆದುಕೊಂಡಿತು. ಬಿಸಿಲು, ನೀಲಿ ಆಕಾಶ. ಕಣಿವೆಯ ಆಚೆ ಬದಿಯಲ್ಲಿ ಪೆನ್ನೈನ್ಸ್ ಸಾಲು, ಅದರಲ್ಲಿ ಎಲ್ಲಕ್ಕಿಂತ ಎತ್ತರದ ಕ್ರಾಸ್ ಫೆಲ್, 893 ಮೀಟರ್. ಅದರ ಪಕ್ಕದ ಗ್ರೇಟ್ ಡನ್ ಫೆಲ್ ಮೇಲೆ ವಿಮಾನಗಳನ್ನು ಗಮನಿಸುವ ರೇಡಾರಿನ ಬಿಳಿ ಗುಂಡು ಇರುತ್ತದೆ, ದೂರದಿಂದಲೇ ಕಾಣುತ್ತದೆ. ಅವತ್ತು ಕಾಣಲಿಲ್ಲ. ಬೆಟ್ಟದ ಸಾಲಿನ ಉದ್ದಕ್ಕೂ ಬಿಳಿ ಮೋಡ ಟೋಪಿ ಹಾಕಿದಂತೆ ಕೂತಿತ್ತು. ಅದರಿಂದ ಈಚೆಗೆ ಶುಭ್ರವಾದ ಆಕಾಶ. ಅದರಿಂದ ಈಚೆಗೆ, ಕಣಿವೆಯ ಮೇಲೆ, ಬೆಟ್ಟಕ್ಕೆ ಸಮಾನಾಂತರವಾಗಿ ಇನ್ನೊಂದು ಉದ್ದ ಮೋಡದ ಪಟ್ಟಿ. ಅದನ್ನೇ ನೋಡುತ್ತಾ ಹೋದೆ. ಗಾಳಿ ಇಷ್ಟಿದ್ದರೂ ಆ ಪಟ್ಟಿ ಇದ್ದ ಜಾಗದಿಂದ ಕದಲುತ್ತಿರಲಿಲ್ಲ. ಅದರ ಅಂಚುಗಳು ಮಾತ್ರ ಒಂದು ಕಡೆ ಹುಟ್ಟಿ, ಸುರುಳಿ ತಿರುಗಿ, ಇನ್ನೊಂದು ಕಡೆ ಕರಗುತ್ತಿದ್ದವು.

ಅದು ಹೆಲ್ಮ್ ಗಾಳಿ. ಬ್ರಿಟನ್ನಿನಲ್ಲಿ ಸ್ವಂತ ಹೆಸರಿರುವ ಗಾಳಿ ಇದೊಂದೇ. ಈಶಾನ್ಯದಿಂದ ಬರುವ ತಣ್ಣನೆಯ ಗಾಳಿ ಆಚೆ ಬದಿಯಲ್ಲಿ ನಿಧಾನಕ್ಕೆ ಬೆಟ್ಟ ಹತ್ತುತ್ತದೆ. ಮೇಲೆ ಬೆಚ್ಚಗಿನ ಪದರ ಮುಚ್ಚಳ ಹಾಕಿರುವುದರಿಂದ ಇನ್ನೂ ಎತ್ತರಕ್ಕೆ ಹೋಗಲಾಗುವುದಿಲ್ಲ. ಈಚೆ ಬದಿ ಕಡಿದಾದ ಇಳಿಜಾರು. ಅಲ್ಲಿ ವೇಗ ಹಿಡಿದು ಧುಮುಕಿ ಕೆಳಗಿನ ಹಳ್ಳಿಗಳನ್ನು ಬಡಿಯುತ್ತದೆ. ಆಮೇಲೆ ಪುಟಿದು ಮೇಲೇಳುತ್ತದೆ. ಮೇಲೆದ್ದ ಕಡೆ ಸುರುಳಿ ಸುತ್ತುತ್ತದೆ, ಆ ಪಟ್ಟಿ ಮೋಡ ಇರುವುದು ಅಲ್ಲೇ. ಗಾರ್ಡನ್ ಮ್ಯಾನ್ಲಿ ಅನ್ನುವ ಹವಾಮಾನ ವಿಜ್ಞಾನಿ 1930ರ ದಶಕದಲ್ಲಿ ಗ್ರೇಟ್ ಡನ್ ಫೆಲ್ ಮೇಲೆ ಗುಡಿಸಲು ಹಾಕಿಕೊಂಡು ಇದನ್ನು ಅಳೆದರು. ಪಟ್ಟಿಯ ಈ ಬದಿಯಲ್ಲಿ ಎಲೆ ಅಲುಗದಷ್ಟು ಶಾಂತ ಇರಬಹುದು, ಸ್ವಲ್ಪ ಆಚೆ ಹೋದರೆ ನಿಲ್ಲಲಾಗದಷ್ಟು ಗಾಳಿ. ಒಳಗಿನ ಗಾಳಿಯನ್ನೇ ಎಲುಬು ಮಾಡಿಕೊಂಡ ನನ್ನ ರೆಕ್ಕೆ ಆ ಸುರುಳಿಗೆ ಸಿಕ್ಕಿದರೆ ಮಡಚಿಕೊಳ್ಳುತ್ತದೆ. ಇದರಲ್ಲಿ ಅನುಮಾನವೇ ಇಲ್ಲ.

ಎಡಗಾಲು ಒತ್ತಿದೆ. ತಿರುಗಿದ ಕೂಡಲೇ ಅದೇ ಗಾಳಿ ಬೆನ್ನಿಗೆ ಬಂದು, ಅಷ್ಟು ಹೊತ್ತು ಕಷ್ಟಪಟ್ಟು ಬಂದ ದಾರಿಯನ್ನು ಕ್ಷಣದಲ್ಲಿ ಹಿಂದಕ್ಕೆ ಕೊಂಡೊಯ್ದಿತು. ಆರ್ಟನ್ ಕೆಳಗೆ ಕುರಿಗಳಿಲ್ಲದ ಒಂದು ಹುಲ್ಲುಗಾವಲು ನೋಡಿ, ಮತ್ತೆ ಗಾಳಿಗೆ ಮುಖ ಮಾಡಿ, ರೇಸ್ ಸ್ವಲ್ಪ ಸ್ವಲ್ಪವೇ ಇಳಿಸಿ ಇಳಿದೆ. ಗಾಡಿ ನಿಂತ ಮೇಲೆ ರೆಕ್ಕೆಯನ್ನು ಬೀಳಿಸಲು ಎರಡೂ ಕಡೆಯ ನೂಲು ಜಗ್ಗಿ ಹಿಡಿಯಬೇಕು, ಇಲ್ಲದಿದ್ದರೆ ಗಾಳಿ ಗಾಡಿಯನ್ನೇ ಎಳೆದುಕೊಂಡು ಹೋಗುತ್ತದೆ. ಅಷ್ಟರಲ್ಲಿ ಆ ಹೊಲದ ಯಜಮಾನಿ ಕ್ವಾಡ್ ಬೈಕಿನಲ್ಲಿ ನಾಯಿಯನ್ನು ಹಿಂದೆ ಕೂರಿಸಿಕೊಂಡು ಬಂದರು. ಬೈಯುತ್ತಾರೇನೋ ಅಂದುಕೊಂಡೆ. ಅವರು ಬಟ್ಟೆಯ ಒಂದು ತುದಿ ಹಿಡಿದು ಮಡಚಲು ಕೈಹಾಕಿದರು. ಕ್ರಾಸ್ ಫೆಲ್ ಕಡೆ ಗದ್ದ ತೋರಿಸಿ, 'ಹೆಲ್ಮ್ ಹತ್ತಿದೆ' ಅಂದರು. ಆ ಕಡೆಯ ಜನ ಹೇಳುವುದೇ ಹಾಗೆ. ಅದಕ್ಕಿಂತ ಜಾಸ್ತಿ ವಿವರಣೆ ಬೇಕಿಲ್ಲ.

ಮಾರನೆಯ ದಿನವೂ ಹೆಲ್ಮ್ ಇತ್ತು. ಅದರ ಮಾರನೆಯ ದಿನವೂ. ಸ್ಕ್ಯಾಂಡಿನೇವಿಯಾ ಮೇಲೆ ಅಧಿಕ ಒತ್ತಡ ಬಂದು ಕೂತರೆ ಇಲ್ಲಿ ಪೂರ್ವದ ಗಾಳಿ ಬೇಗ ಬಿಡುವುದಿಲ್ಲ. ಎಫ್214ರಲ್ಲಿ 2,000 ಅಡಿಯ ಗಾಳಿ 25 ನಾಟ್‌ಗೆ ಏರಿತ್ತು, ಅಂದರೆ 46 ಕಿ.ಮೀ. ಹೆಲ್ಮ್ ಇಲ್ಲದಿದ್ದರೂ ನಾನು ಗಂಟೆಗೆ ನಾಲ್ಕೇ ಕಿಲೋಮೀಟರ್ ಹೋಗುತ್ತಿದ್ದೆ. ಟೆಬೇ ಹತ್ತಿರ ಹೆದ್ದಾರಿ ಪಕ್ಕ ರೈತ ಕುಟುಂಬವೊಂದು ನಡೆಸುವ ಹೆಸರುವಾಸಿ ತಂಗುದಾಣ ಇದೆ. ಅಲ್ಲಿನ ಕಿಟಕಿ ಪಕ್ಕ ಟೀ ಹಿಡಿದು ಕೂತು ಫೋನ್ ನೋಡುವುದೇ ಕೆಲಸವಾಯಿತು.

ಫೋನ್ ತುಂಬ ಸಂದೇಶಗಳು. ನಾನು ಎಲ್ಲಿದ್ದೇನೆ ಅಂತ ನಕ್ಷೆಯಲ್ಲಿ ನೋಡಬಹುದಿತ್ತು. ಚುಕ್ಕೆ ಅಲ್ಲಾಡದೆ ನಿಂತಿದ್ದು ಎಲ್ಲರಿಗೂ ಕಾಣುತ್ತಿತ್ತು. 'ಅಲ್ಲಿ ಬಿಸಿಲಿದೆಯಲ್ವಾ, ಯಾಕೆ ನಿಂತಿದ್ದೀರಿ?' ಅಂತ ಬೆಂಗಳೂರಿನಿಂದ ಕೇಳಿದರು. ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಟ್ಟವರಿದ್ದರು. ಮುಟ್ಟಿದರೆ ಎರಡರಷ್ಟು ಕೊಡುತ್ತೇನೆ ಅಂದವರಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಸುಮ್ನೆ ಶೋಕಿಗೆ ಹಾರುವವನಿಗೆ ಇಲ್ಲದ ಒಂದು ಭಾರ ಇದರಲ್ಲಿ ಇದೆ. ಒಂದೊಂದು ದಿನ ನಿಂತಾಗಲೂ ಯಾರದೋ ದುಡ್ಡು ತಡೆದಂತೆ ಅನ್ನಿಸುತ್ತದೆ. ಬೆಳಗ್ಗೆ ಎಲೆ ಅಲುಗದೆ ನಿಂತಾಗ, ಪಟ್ಟಿಯ ಪಶ್ಚಿಮಕ್ಕೆ ಅಂಟಿಕೊಂಡು ಹೋದರೆ ಆಗುತ್ತದೇನೋ ಅಂತ ಕೈ ತುರಿಸುತ್ತದೆ.

ಸಾಷಾ ಡೆಂಚ್ ಹೆಸರು ಆ ದಿನಗಳಲ್ಲಿ ತುಂಬಾ ನೆನಪಾಯಿತು. 2016ರಲ್ಲಿ ರಷ್ಯಾದ ಆರ್ಕ್‌ಟಿಕ್‌ನಿಂದ ಬ್ರಿಟನ್ನಿಗೆ ವಲಸೆ ಬರುವ ಬ್ಯೂಯಿಕ್ ಹಂಸಗಳ ದಾರಿ ಹಿಡಿದು, ಬೆನ್ನಿಗೆ ಪ್ಯಾರಾಮೋಟರ್ (ಚಕ್ರ, ಸೀಟು ಇಲ್ಲದೆ ಇಂಜಿನ್ನನ್ನೇ ಹೊತ್ತು ಹಾರುವ ಬಗೆ) ಕಟ್ಟಿಕೊಂಡು ಸುಮಾರು 7,000 ಕಿ.ಮೀ. ಹಾರಿ ಬಂದವರು. ನನಗೆ ಈ ಆಸೆ ಹುಟ್ಟಿದ್ದೇ ಅವರಿಂದ. 2021ರಲ್ಲಿ ವಿದ್ಯುತ್ ಪ್ಯಾರಾಮೋಟರಿನಲ್ಲಿ ಬ್ರಿಟನ್ ಸುತ್ತುತ್ತಿದ್ದಾಗ ಸ್ಕಾಟ್ಲೆಂಡಿನಲ್ಲಿ ಅಪಘಾತವಾಯಿತು. ಅವರು ತೀವ್ರವಾಗಿ ಗಾಯಗೊಂಡರು, ಜೊತೆಗೆ ಹಾರುತ್ತಿದ್ದ ಡ್ಯಾನ್ ಬರ್ಟನ್ ತೀರಿಕೊಂಡರು. ಅಷ್ಟು ಪಳಗಿದವರಿಗೂ ಆಕಾಶ ಎಂಥದ್ದು ಅಂತ ಆ ಸುದ್ದಿ ಓದಿದ ದಿನವೇ ಎದೆಗೆ ಇಳಿದಿತ್ತು.

ನಿಂತುಬಿಡೋಣ ಅಂತ ಬಾಯಿಬಿಟ್ಟು ಹೇಳಿದ್ದು ಗೆಳೆಯ. 'ನನ್ ಎತ್ಕೊಂಡ್ ಹೋದ್ ಹೆಲಿಕಾಪ್ಟರ್‌ಗೆ ದುಡ್ ಕೂಡ್ಸಕ್ ಹೊರಟ್ವಿ. ಅದೇ ಹೆಲಿಕಾಪ್ಟರ್‌ನ ನಿನ್ ಎತ್ಕೊಂಡ್ ಹೋಗಕ್ ಕರ್ಸೋದು ಬೇಡ ಕಣೋ' ಅಂದ. ಅವನು ಹೇಳಿದ್ದರಿಂದ ಆ ಮಾತಿಗೆ ತೂಕ ಬಂತು. ಒಬ್ಬ ಡಾಕ್ಟರನ್ನು ಹೊತ್ತ ಆ ಹೆಲಿಕಾಪ್ಟರ್ ನನ್ನ ಹಟಕ್ಕೆ ಬಂದರೆ, ಅದೇ ಹೊತ್ತಿಗೆ ಇನ್ನೆಲ್ಲೋ ಇನ್ನೊಂದು ಮೈದಾನದಲ್ಲಿ ಕುಸಿದವನಿಗೆ ಅದು ಸಿಗುವುದಿಲ್ಲ. ನನಗೆ ಇದ್ದ ರಜೆಯೂ ಮುಗಿಯುತ್ತಾ ಬಂದಿತ್ತು. ಅಂದು ಸಂಜೆ ಮೋಡದ ಪಟ್ಟಿಯ ಫೋಟೋ ಹಾಕಿ, ಹೆಲ್ಮ್ ಅಂದರೇನು ಅಂತ ವಿವರವಾಗಿ ಬರೆದು, ಈ ಸಲ ಇಲ್ಲಿಗೇ ನಿಲ್ಲಿಸುತ್ತಿದ್ದೇವೆ, ಮುಟ್ಟಿದರೆ ಅಂತ ಕೊಟ್ಟ ಮಾತಿನಿಂದ ಎಲ್ಲರೂ ಮುಕ್ತರು ಅಂತ ತಿಳಿಸಿದೆ.

ಮಾತು ಹಿಂದಕ್ಕೆ ತೆಗೆದುಕೊಂಡವರು ತೀರಾ ಕಡಿಮೆ. ಪೂರ್ತಿ ದೂರದ ದುಡ್ಡನ್ನೇ ಹಾಕಿದವರು ಬಹಳ. ಆರ್ಟನ್‌ನ ಆ ರೈತ ಹೆಂಗಸು ಕೂಡ ಹಾಕಿದ್ದರು, ಹೆಸರಿನ ಜಾಗದಲ್ಲಿ ಹೊಲದ ಹೆಸರು ಬರೆದಿದ್ದರಿಂದ ಗೊತ್ತಾಯಿತು. ದುಡ್ಡು ನೇರವಾಗಿ ಏರ್ ಆಂಬ್ಯುಲೆನ್ಸಿನ ಖಾತೆಗೆ ಹೋಗಿದೆ.

ಉಳಿದಿರುವ ದಾರಿಯಲ್ಲಿ ಕಾರ್ಲೈಲ್, ಪರ್ತ್, ಡ್ರುಮಾಖ್ಟರ್ ಕಣಿವೆ, ಇನ್ವರ್ನೆಸ್, ವಿಕ್ ಬರುತ್ತವೆ. ಹೆಲ್ಮ್ ಜಾಸ್ತಿ ಏಳುವುದು ಚಳಿಗಾಲದ ಕೊನೆಗೆ ಮತ್ತು ವಸಂತದಲ್ಲಿ. ಅದಕ್ಕೇ ಮುಂದಿನ ಸಲ ಬೇಸಿಗೆ ಬಲಿತ ಮೇಲೆ, ನೈಋತ್ಯದ ಗಾಳಿ ಮತ್ತೆ ಬೀಸಲು ಶುರುವಾದ ಮೇಲೆ, ಅದೇ ಹುಲ್ಲುಗಾವಲಿನಿಂದ ಹೊರಡುತ್ತೇವೆ. ಯಜಮಾನಿ ಒಪ್ಪಿದ್ದಾರೆ, ಕುರಿಮರಿಗಳು ಸ್ವಲ್ಪ ದೊಡ್ಡವಾದ ಮೇಲೆ ಬನ್ನಿ ಅಂತಷ್ಟೇ ಹೇಳಿದ್ದಾರೆ. ಪರ್ತ್‌ನಿಂದ ವಿಕ್‌ವರೆಗಿನ ದಾರಿಯಲ್ಲಿ ನಮ್ಮವರು ಯಾರಾದರೂ ಇದ್ದು, ಪರಿಚಯದ ರೈತರ ಹತ್ತಿರ 200 ಮೀಟರ್ ಉದ್ದದ, ತಂತಿಗಳಿಲ್ಲದ ಒಂದು ಹೊಲ ಕೇಳಿಕೊಡಲು ಆದರೆ ದಯವಿಟ್ಟು ತಿಳಿಸಿ. ವ್ಯಾನಿನಲ್ಲಿ ಉಪ್ಪಿಟ್ಟಿಗೆ ಬೇಕಾದ ಸಾಮಾನು ಯಾವಾಗಲೂ ಇರುತ್ತದೆ.