ಸಾರ್ವೆಯಿಂದ ಬಿದ್ದರೆ ಗ್ರಹಚಾರ ಅನ್ನಬೇಡಿ

ದುಬೈನಲ್ಲಿ ಕಟ್ಟಡ ಕೆಲಸದವರು ಸಾರ್ವೆಯಿಂದ, ಅಂದರೆ ಸ್ಕ್ಯಾಫೋಲ್ಡಿಂಗ್‌ನಿಂದ ಬಿದ್ದರು ಅಂತ ಸುದ್ದಿ ಹೋದರೆ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಪ, ಅವನ ಗ್ರಹಚಾರ. ಸೈಟಿನಲ್ಲಿ ಸೇಫ್ಟಿ ನೋಡಿಕೊಳ್ಳುವ ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ.

ಬಿದ್ದ ಜಾಗಕ್ಕೆ ಹೋಗಿ ನೋಡಿ, ಕಾರಣ ಕಣ್ಣೆದುರೇ ಇರುತ್ತದೆ. ಸಾಮಾನು ಮೇಲೆ ಎಳೆಯಲು ಅಡ್ಡ ಪೈಪ್ ಬಿಚ್ಚಿರುತ್ತಾರೆ, ಮತ್ತೆ ಹಾಕಿರುವುದಿಲ್ಲ. ಹಲಗೆಯನ್ನು ಬಿಗಿದಿರುವುದಿಲ್ಲ. ಒಂದು ತುದಿ ತುಳಿದರೆ ಇನ್ನೊಂದು ತುದಿ ಏಳುತ್ತದೆ. ಬೆಲ್ಟ್ ಮೈಮೇಲೆ ಇರುತ್ತದೆ, ಅದರ ಹುಕ್ ಸಿಕ್ಕಿಸಲು ಗಟ್ಟಿ ಜಾಗವೇ ಇರುವುದಿಲ್ಲ. ಸಾರ್ವೆ ಬಿಚ್ಚುವ ದಿನ ಅಪಾಯ ಇನ್ನೂ ಜಾಸ್ತಿ. ನಿಂತ ನೆಲೆಯನ್ನೇ ಕಳಚುವ ಕೆಲಸ ಅಲ್ವಾ?

ನಮ್ಮ ಕಡೆಯ ಹುಡುಗನೊಬ್ಬ ಪ್ಲಾಸ್ಟರಿಂಗ್‌ಗೆ ಹತ್ತಿ ಬಿದ್ದ. ಏಣಿಯ ಹತ್ತಿರ ಕೆಂಪು ಟ್ಯಾಗ್ ಇತ್ತು. ಹಸಿರು ಇದ್ದರೆ ಹತ್ತಬಹುದು, ಕೆಂಪು ಇದ್ದರೆ ಯಾರೂ ಹತ್ತಬಾರದು. ಅವನಿಗೂ ಅದು ಗೊತ್ತಿತ್ತು. "ಐದು ನಿಮಿಷದ ಕೆಲಸ, ಹತ್ತು" ಅಂದನಂತೆ ಫೋರ್‌ಮನ್. ಸೊಂಟದ ಮೂಳೆ ಮುರಿಯಿತು. "ಆಗಲ್ಲ ಅಂದ್ರೆ ಊರಿಗೆ ಕಳಿಸ್ತಾರೆ ಅಂತ ಹೆದರಿದೆ ಅಣ್ಣಾ" ಅಂದ ಆಸ್ಪತ್ರೆಯಲ್ಲಿ. ಮನೆಯಲ್ಲಿ ಸಾಲ ಇರುವವನು ಹೇಗೆ ತಾನೇ ಆಗಲ್ಲ ಅಂತಾನೆ? ಆ ಹೆದರಿಕೆಗೆ ಗ್ರಹಚಾರ ಅಂತ ಹೆಸರಿಡುವುದು ಅನ್ಯಾಯ.

ಬಿದ್ದ ಮೇಲೆ ಇನ್ನೊಂದು ಅನ್ಯಾಯ ಆಗುವುದುಂಟು. ರೂಮಿನಲ್ಲಿ ಜಾರಿ ಬಿದ್ದೆ ಅಂತ ಹೇಳು ಎನ್ನುತ್ತಾರೆ. ಹೇಳಬೇಡಿ. ಕೆಲಸದ ಜಾಗದಲ್ಲೇ ಆಯಿತು ಅಂತ ಆಸ್ಪತ್ರೆಯ ಕಾಗದದಲ್ಲಿ ಬರೆಸಿ. ಯುಎಇ ಕಾನೂನಿನಂತೆ ಕೆಲಸದಲ್ಲಾದ ಗಾಯಕ್ಕೆ ಚಿಕಿತ್ಸೆಯ ಖರ್ಚು ಕಂಪನಿಯದು. ಗುಣವಾಗುವವರೆಗೆ, ಹೆಚ್ಚೆಂದರೆ 6 ತಿಂಗಳು ಪೂರ್ತಿ ಸಂಬಳ ಕೊಡಬೇಕು. ಆಮೇಲೂ ಗುಣವಾಗದಿದ್ದರೆ ಇನ್ನು 6 ತಿಂಗಳು ಅರ್ಧ ಸಂಬಳ. ಜೀವ ಹೋದರೆ ಮನೆಯವರಿಗೆ 24 ತಿಂಗಳ ಬೇಸಿಕ್ ಸಂಬಳ. ಅದು 18,000 ದಿರ್ಹಮ್‌ಗಿಂತ ಕಡಿಮೆ, 2 ಲಕ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಲೆಕ್ಕ ಬೇಸಿಕ್ ಮೇಲೆ, ಗಮನಿಸಿ. ಬೇಸಿಕ್ ತೀರಾ ಸಣ್ಣದಾಗಿಸಿ ಉಳಿದದ್ದನ್ನು ಅಲೊವೆನ್ಸ್ ಅಂತ ತೋರಿಸುವ ಕಾಂಟ್ರಾಕ್ಟ್‌ಗಳನ್ನು ನೋಡಿದ್ದೇನೆ. ಸಹಿ ಹಾಕುವ ಮೊದಲೇ ಆ ಸಾಲು ಓದಿಸಿಕೊಳ್ಳಿ.

ಇಸಿಆರ್ ಪಾಸ್‌ಪೋರ್ಟ್‌ನಲ್ಲಿ (ಗಲ್ಫ್‌ನಂಥ ಕಡೆ ಕೆಲಸಕ್ಕೆ ಹೊರಡುವ ಮೊದಲು ಭಾರತ ಸರ್ಕಾರದ ಒಪ್ಪಿಗೆ ಬೇಕಾದ ಪಾಸ್‌ಪೋರ್ಟ್) ಆ ಒಪ್ಪಿಗೆ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆದು ಬರುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ಕಡ್ಡಾಯ. 2 ವರ್ಷಕ್ಕೆ ಕಂತು 275 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲತೆ ಬಂದರೆ 10 ಲಕ್ಷ ರೂಪಾಯಿ. ಏಜೆಂಟ್ ಮಾತು ನಂಬಿ ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹಿಡಿದವರು ಈ ದಾರಿಯನ್ನೇ ತಪ್ಪಿಸಿಕೊಂಡಿರುತ್ತಾರೆ. ನಿಮ್ಮ ಮನೆಯಿಂದ ಯಾರಾದರೂ ಹೊರಡುತ್ತಿದ್ದರೆ ಪಾಲಿಸಿಯ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ನಾಮಿನಿ ಹೆಸರು ಸರಿಯಾಗಿದೆಯಾ ಅಂತಲೂ ನೋಡಿ.