ಕಾಂಟಾ ಮತ್ತು ತಕ್ಕಡಿ

ಇವತ್ತ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ಚೀಲ ತೂಗಸಾಕ ನಿಂತಿದ್ವಿ. ಎಲೆಕ್ಟ್ರಾನಿಕ್ ಕಾಂಟಾದಾಗ 40 ಕೆಜಿ ಬಂತು. ಒಂಬತ್ತನೇತ್ತೆ ಓದೋ ಅಣ್ಣನ ಮಗ, "ಕಾಕಾ, ಅದು ದ್ರವ್ಯರಾಶಿ, ಅಂದ್ರ ಚೀಲದಾಗ ಎಷ್ಟು ಮಾಲು ಐತಿ ಅನ್ನೋದು. ತೂಕ ಅಂದ್ರ ಭೂಮಿ ಜಗ್ಗೋ ಬಲ, ಸುಮಾರು 392 ನ್ಯೂಟನ್" ಅಂದ.

ಹಮಾಲರು ನಕ್ಕು, "ನಿಮ್ಮ ನ್ಯೂಟನ್ನ ಬಂದು ಚೀಲ ಹೊರತಾನೇನೋ ತಮ್ಮಾ?" ಅಂದ್ರು.

ಹುಡುಗ ಬಿಡವಲ್ಲ. ಇದ ಕಾಂಟಾ ಚಂದ್ರನ ಮ್ಯಾಲೆ ಇಟ್ರ ಆರೂವರಿ ಕೆಜಿ ಚಿಲ್ಲರೆ ತೋರಸ್ತೈತಂತ, ಯಾಕಂದ್ರ ಈ ಕಾಂಟಾ ಅಳಿಯೋದು ಜಗ್ಗೋ ಬಲಾನ, ಅಲ್ಲಿ ಜಗ್ಗೋದು ಆರರಾಗ ಒಂದ ಪಾಲು. ಆದ್ರ ಅಜ್ಜನ ತಕ್ಕಡಿ ಅಲ್ಲೂ 40 ಅಂತೈತಿ, ಯಾಕಂದ್ರ ಚೀಲ ಹಗುರಾದಷ್ಟ ತೂಕದ ಕಲ್ಲೂ ಹಗುರಾಗ್ತಾವು! (ನನಗ ಇದು ಸಾಲ್ಯಾಗ ಹೊಳದೇ ಇರಲಿಲ್ಲ.)

ಆ ತಕ್ಕಡಿ ಅಟ್ಟದ ಮ್ಯಾಲೆ ಜಂಗ ಹಿಡದು ಬಿದ್ದೈತಿ. ನಾಳೆ ಇಳಸಬೇಕು.