ಚೇರಂಬಾಣೆಗೆ ಹೊರಟ ಲಸಾನ್ಯ

ಅಕ್ಕನ ಮಗಳು ಓದು ಮುಗಿಸಿ ಬೆಂಗಳೂರಲ್ಲಿ ಕೆಲಸ ಹಿಡಿದ ಖುಷಿಗೆ ಕೊಡಗಿನ ಚೇರಂಬಾಣೆಯ ಮನೆಯಲ್ಲೊಂದು ಪಾರ್ಟಿ ಅಂತಾಯಿತು. ಜೋರು ಮಳೆಯ ಕಕ್ಕಡ ತಿಂಗಳು ಕಳೆಯಲಿ ಎಂದು ಅಜ್ಜಿ ಪಟ್ಟು ಹಿಡಿದಿದ್ದರಿಂದ ಆಗಸ್ಟ್ ಕೊನೆಗೆ ದಿನ ಗೊತ್ತುಮಾಡಿದರು. ಊಟ ಮಾತ್ರ ಇಟಾಲಿಯನ್ನೇ ಆಗಬೇಕೆಂದು ಹುಡುಗಿಯ ಹಟ. "ಪಂದಿಕರಿ, ಕಡಂಬುಟ್ಟು ಎಲ್ಲಾ ಮದುವೇಲೂ ತಿಂತೀವಲ್ಲ ಚಿಕ್ಕಮ್ಮ" ಅಂದಳು. ಅಜ್ಜಿ ಅಡ್ಡ ಬರುತ್ತಾರೆ ಅಂದುಕೊಂಡಿದ್ದೆ. ಅವರು, "ಇಟಲಿಯವರು ನಮ್ಮ ಕಾಪಿ ಕುಡೀತಾರಂತೆ, ಒಂದಿನ ನಾವು ಅವರ ಊಟ ಮಾಡಿದ್ರೆ ಏನಾಯ್ತು" ಎಂದುಬಿಟ್ಟರು. ಸುಳ್ಳಲ್ಲ, ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ. ಅವರ ಎಸ್ಪ್ರೆಸೊ ಕಾಫಿ ಮೇಲೆ ದಪ್ಪ ನೊರೆ ನಿಲ್ಲುವುದಕ್ಕೆ ನಮ್ಮಲ್ಲಿ ಬೆಳೆಯುವ ರೊಬಸ್ಟಾ ಬೀಜ ನೆರವಾಗುತ್ತದೆ.

ಮೂವತ್ತು ಜನರ ಊಟಕ್ಕೆ ಹೋಟೆಲ್ ಹುಡುಕುವ ಕೆಲಸ ಮಡಿಕೇರಿಯಲ್ಲಿರುವ ನನ್ನ ತಲೆಗೆ ಬಂತು. ಪ್ರವಾಸಿಗಳ ದೆಸೆಯಿಂದ ನಮ್ಮಲ್ಲೀಗ ಪಿಜ್ಜಾ, ಪಾಸ್ತಾ ಎಂದು ಬೋರ್ಡು ಹಾಕದ ಕೆಫೆಯೇ ಕಡಿಮೆ. ಗೋಬಿ ಮಂಚೂರಿ ಕೆದಕಿದ ಬಾಣಲೆಯಲ್ಲೇ ವೈಟ್ ಸಾಸ್ ಪಾಸ್ತಾ ಏಳುವುದೂ ಉಂಟು, ಅದು ಬೇರೆ ಮಾತು.

ಟೇಬಲಿನಲ್ಲಿ ಕೂತು ತಿಂದು ರುಚಿ ನೋಡಿದರೆ ಪಾರ್ಸೆಲ್ಲಿನ ಹಣೆಬರಹ ತಿಳಿಯುವುದಿಲ್ಲ. ಹಾಗಾಗಿ ಒಂದೊಂದು ಕಡೆಯಿಂದ ಒಂದೊಂದು ಪ್ಲೇಟ್ ಕಟ್ಟಿಸಿಕೊಂಡು, ಕಾರಿನಲ್ಲಿಟ್ಟು, ಊರಲ್ಲಿ ಬಾಕಿಯಿದ್ದ ಕೆಲಸವೆಲ್ಲ ಮುಗಿಸಿ, ಆಮೇಲೆ ಮನೆಯಲ್ಲಿ ಬಿಚ್ಚಿದೆ. ಪಿಜ್ಜಾ ಪೆಟ್ಟಿಗೆಯ ಮುಚ್ಚಳದ ಒಳಗೆ ನೀರು ಮುತ್ತುಗಟ್ಟಿತ್ತು. ತುಂಡೊಂದನ್ನು ಎತ್ತಿದರೆ ಮೂತಿ ಜೋತುಬಿದ್ದು, ಚೀಸೆಲ್ಲ ಜಾರಿ ಪೆಟ್ಟಿಗೆಗೆ ಮೆತ್ತಿಕೊಂಡಿತು. ವೈಟ್ ಸಾಸಿನ ಪೆನ್ನೆಗೆ, ಅಂದರೆ ಕೊಳವೆಯಂಥ ಪಾಸ್ತಾಕ್ಕೆ, ಚಮಚ ಹಾಕಿದರೆ ಡಬ್ಬಿಯ ಆಕಾರದಲ್ಲೇ ಇಡೀ ಗಟ್ಟಿ ಮೇಲೆದ್ದಿತು. ಆ ಸಾಸಿಗೆ ಗಟ್ಟಿತನ ಬರುವುದೇ ಬೆಣ್ಣೆಯಲ್ಲಿ ಹುರಿದ ಮೈದಾದಿಂದ. ಆರಿದರೆ ಅದು ಹೆಪ್ಪಾಗುತ್ತದೆ, ಸಾಲದ್ದಕ್ಕೆ ಒಳಗಿರುವ ಪಾಸ್ತಾ ಸಾಸಿನ ನೀರನ್ನು ಹೀರುತ್ತಲೇ ಇರುತ್ತದೆ. ಟೊಮೆಟೊ ಸಾಸಿನದು ಪರವಾಗಿರಲಿಲ್ಲ.

ದೊಡ್ಡ ಕೆಫೆಯೊಂದಕ್ಕೆ ಫೋನ್ ಮಾಡಿದೆ. "ಏನು ಬೇಕಾದ್ರೂ ಆಗುತ್ತೆ ಮೇಡಂ, ಅರ್ಧ ಗಂಟೆ ಮುಂಚೆ ಹೇಳಿ ಸಾಕು." ಮೂವತ್ತು ಜನರ ಅಡುಗೆಗೆ ಅರ್ಧ ಗಂಟೆ! ಫೋನಿಟ್ಟೆ.

ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಜಾಗವೊಂದಿದೆ, ನಾಲ್ಕೇ ಟೇಬಲ್. ಅಲ್ಲಿ ಮೆನು ಕೈಗೆ ಕೊಡುವ ಮೊದಲೇ ಆಯಮ್ಮ ಕೇಳಿದ್ದು, "ಮನೆ ಎಷ್ಟು ದೂರ? ಬಿಸಿ ಮಾಡೋಕೆ ಏನಿದೆ?" ಬೆಟ್ಟಗೇರಿ ದಾಟಿ ಹೋಗಬೇಕು, ಕರೆಂಟಿನ ಭರವಸೆ ಇಲ್ಲ ಎಂದೆ. "ಹಾಗಿದ್ರೆ ಪಿಜ್ಜಾ ನಾನು ಕೊಡಲ್ಲ" ಅಂದರು. ವ್ಯಾಪಾರ ಬೇಡವೆನ್ನುವ ಅಂಗಡಿಯವರನ್ನು ನಂಬಬೇಕು ಅನ್ನಿಸಿ ಅಲ್ಲೇ ಅಡ್ವಾನ್ಸ್ ಕೊಟ್ಟೆ. ಪಿಜ್ಜಾ ಬದಲು ಫೋಕಾಚ್ಚಾ ಬ್ರೆಡ್ ಒಪ್ಪಿಸಿದರು. ಎಣ್ಣೆ ಹಾಕಿ ಸುಟ್ಟ ಆ ದಪ್ಪ ರೊಟ್ಟಿ ತಣ್ಣಗಾದರೂ ಚೆನ್ನ. ಪಾಸ್ತಾ ಹಾಳೆ, ಸಾಸು, ಚೀಸು ಪದರ ಪದರವಾಗಿ ಜೋಡಿಸಿ ಬೇಯಿಸುವ ಲಸಾನ್ಯವಂತೂ ಓವನ್ನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟರೇ ಪದರ ಕೂತು ಕೊಯ್ಯಲು ಬರುವುದು, ಅಷ್ಟು ದಪ್ಪದ ಟ್ರೇ ಬೇಗ ಆರುವುದೂ ಇಲ್ಲ. ಪೆನ್ನೆಯನ್ನು ಮುಕ್ಕಾಲು ಬೇಯಿಸಿ ಎಣ್ಣೆ ಸವರಿ ಬೇರೆ, ಸಾಸು ಬೇರೆ. ಮೈಸೂರಿನ ಗೆಳತಿಯರಲ್ಲಿ ಸಸ್ಯಾಹಾರಿಗಳಿದ್ದಾರೆ ಎಂದಾಗ, ಅಸಲಿ ಪಾರ್ಮೆಸಾನ್ ಚೀಸಿಗೆ ಹಾಲು ಹೆಪ್ಪಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದಕ್ಕೇ ಹಸಿರು ಚುಕ್ಕಿ ಇರುವ ಚೀಸೇ ಬಳಸುತ್ತೇವೆ ಎಂದು ಪ್ಯಾಕೆಟ್ ತೋರಿಸಿದರು. ಇದನ್ನು ನಾನಾಗಿ ಕೇಳುತ್ತಿರಲಿಲ್ಲ.

ಪಾರ್ಟಿ ದಿನ ಟ್ರೇಗಳನ್ನು ಪೇಪರಿನಲ್ಲಿ ಸುತ್ತಿ ಥರ್ಮಕೋಲ್ ಪೆಟ್ಟಿಗೆಗಿಟ್ಟು ಕೊಟ್ಟರು. ಜೊತೆಗೊಂದು ಬಾಟಲಿ, ಒಳಗೆ ಗಂಜಿ ತಿಳಿಯಂಥ ನೀರು. ಪಾಸ್ತಾ ಬೇಯಿಸಿದ ನೀರಂತೆ, ಬಿಸಿ ಮಾಡುವಾಗ ಸಾಸಿಗೆ ಹಾಕಬೇಕಂತೆ.

ನಾವು ತಲುಪುವ ಹೊತ್ತಿಗೆ ಕರೆಂಟ್ ಹೋಗಿತ್ತು. ಅಕ್ಕ ಸೌದೆ ಒಲೆಯ ಮೇಲೆ ದೊಡ್ಡ ಉರುಳಿ ಇಟ್ಟು ಸಾಸು ಕುದಿಸಿ, ಪೆನ್ನೆ ಸುರಿದು, ಬಾಟಲಿಯ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ದು ಮಗುಚಿದಳು. ಬಿಗಿದುಕೊಂಡಿದ್ದ ಸಾಸು ಸಡಿಲಾಗಿ ಒಂದೊಂದು ಪೆನ್ನೆಗೂ ಹೊಳಪಾಗಿ ಅಂಟಿತು. ಲಸಾನ್ಯವನ್ನು ಟ್ರೇ ಸಮೇತ ಇಡ್ಲಿ ಬೇಯಿಸುವ ಪಾತ್ರೆಯ ಹಬೆಗಿಟ್ಟೆವು. ಮೇಲಿನ ಚೀಸಿನ ಗರಿಗರಿ ಹೋಯಿತು, ಕೇಳಿದವರಿಲ್ಲ. ಅಜ್ಜಿ ಹಲ್ಲಿಗೆ ಹಿತವೆಂದು ಎರಡನೇ ಸಲ ಹಾಕಿಸಿಕೊಂಡರು.

ಮಾವ ಮಾತ್ರ ತಿನ್ನುತ್ತಾ "ಇದಕ್ಕೆ ಹಂದಿ ಬಿದ್ದಿದ್ರೆ" ಎಂದು ರಾಗ ಎಳೆಯುತ್ತಲೇ ಇದ್ದರು. ಪೆಟ್ಟಿಗೆ ವಾಪಸ್ ಕೊಡಲು ಹೋದಾಗ ಆಯಮ್ಮನ ಕಿವಿಗೆ ಹಾಕಿದೆ. ಬೊಲೊನ್ಯಾ ಕಡೆ ಮಾಂಸದ ಸಾಸಿಗೆ ಹಂದಿ ಸೇರಿಸುವುದು ರೂಢಿಯೇ, ಒಳ್ಳೆ ಮಾಂಸ ಕೊಚ್ಚಿಸಿ ತಂದುಕೊಟ್ಟರೆ ಮಾಡಿಕೊಡುತ್ತೇವೆ, ಎರಡು ದಿನ ಮುಂಚೆ ಹೇಳಿ ಅಂದರು. ಮಾವ ಆಗಲೇ ಹುತ್ತರಿ ಹಬ್ಬಕ್ಕೆ ಯಾರ್‍ಯಾರು ಬರುತ್ತಾರೆಂದು ತಲೆ ಎಣಿಸತೊಡಗಿದ್ದಾರೆ.